ಮಾಲೀಕರ ತಾಯಿ ತಂದ ಸಿಹಿ

ಮನೆಯಿಂದ, ಬುಧವಾರ

ಪ್ರೀತಿಯ ನಮ್ಮವರಿಗೆ,

ನನ್ನ ಕಾಗೆಕಾಲು ಗುಬ್ಬಿಕಾಲಿನ ಅಕ್ಷರ, ತಪ್ಪು ಒತ್ತು ನೋಡಿ ನಗಬೇಡಿ. ನಾಲ್ಕನೇ ಕ್ಲಾಸಿನ ಕೈ ಇದು. ನಿಮ್ಮ ಕೆಮ್ಮು ವಾಸಿಯಾಯಿತೇ? ಹಡಗಿನ ಅಡುಗೆಯವನು ಈಗಲಾದರೂ ಅನ್ನ ಬೇಯಿಸಲು ಕಲಿತನೇ?

ಕೂತು ಓದಿ. ಮಗು ಇಲ್ಲ. ಸ್ಕ್ಯಾನಿನಲ್ಲಿ ತಲೆಬುರುಡೆಯೇ ಬೆಳೆದಿಲ್ಲ ಎಂದರು, ಹುಟ್ಟಿದರೂ ಉಳಿಯುವುದಿಲ್ಲ ಎಂದರು. ಅತ್ತೆ ಎಷ್ಟು ಫೋನ್ ಮಾಡಿದರೂ ನೀವು ಸಿಗಲಿಲ್ಲ. ಶುಕ್ರವಾರ ಆಸ್ಪತ್ರೆಯಲ್ಲಿ ತೆಗೆದರು. ನಾನು ಚೆನ್ನಾಗಿದ್ದೇನೆ, ಹೆದರಬೇಡಿ.

ರಜೆ ಕೇಳಲು ಅತ್ತೆ ನಮ್ಮ ಹೊಲಿಗೆ ಅಂಗಡಿಗೆ ಫೋನ್ ಮಾಡಿ, "ಮಗು ತೆಗೆದ್ರು, ಅವಳು ಕೆಲಸಕ್ಕೆ ಬರಲ್ಲ" ಎಂದರಂತೆ. ಮಾಲೀಕರಿಗೆ ಕಾಲರು ಒಂದು ನೂಲು ಓರೆಯಾದರೂ ಕಾಣುತ್ತದೆ, ಹೊಲಿಯುವವಳಿಗೆ ಎಷ್ಟು ತಿಂಗಳು ಎನ್ನುವುದು ಕಾಣುವುದಿಲ್ಲ. ಹೊಟ್ಟೆ ಕೊಯ್ದು ಹೆರಿಗೆ ಮಾಡಿದರು ಎಂದುಕೊಂಡು ನಿನ್ನೆ ತಮ್ಮ ತಾಯಿಯನ್ನೇ ಕಳಿಸಿದರು. ಆ ಅಜ್ಜಿ ಸಿಹಿಯ ಡಬ್ಬ ಹಿಡಿದು ಒಳಗೆ ಬಂದವರೇ, "ಎಲ್ಲೇ ಪುಟಾಣಿ? ಅಪ್ಪನ ಮೂಗಾ, ಅಮ್ಮನ ಮೂಗಾ?" ಎಂದು ಮಂಚದ ಮೇಲೆಲ್ಲ ಹುಡುಕಿದರು. ಅತ್ತೆ ಕಿವಿಯಲ್ಲಿ ಹೇಳಿದ ಮೇಲೆ, "ಅಯ್ಯೋ, ನನ್ನ ನಾಲಿಗೆಗೆ ಬೆಂಕಿ ಬೀಳ" ಎಂದು ಬಾಯಿ ಮುಚ್ಚಿಕೊಂಡು ಚಪ್ಪಲಿಯನ್ನೂ ಮರೆತು ಹೋದರು. ಡಬ್ಬ ಉಳಿಯಿತು.

ಸಿಹಿ ತಿಂದರೆ ನಂಜಾಗುತ್ತದೆ ಎಂದು ಅತ್ತೆ ನನಗೆ ಸಪ್ಪೆ ಗಂಜಿಯನ್ನೇ ಕೊಡುತ್ತಿದ್ದರು. ನರ್ಸಮ್ಮ ಹೇಳಿದ್ದೇ ಬೇರೆ: "ರಕ್ತ ಹೋಗಿದೆ, ಸೊಪ್ಪು, ಬೇಳೆ, ಮೊಟ್ಟೆ ಚೆನ್ನಾಗಿ ತಿನ್ನು. ಆಸೆಯಾದ್ರೆ ಒಂಚೂರು ಸಿಹಿ ತಿಂದ್ರೂ ತಪ್ಪಿಲ್ಲ, ಪಥ್ಯಗಿಥ್ಯ ಏನಿಲ್ಲ." ಅತ್ತೆ ನೀರಿಗೆ ಹೋದಾಗ ಒಂದು ತಿಂದೆ. ಆಮೇಲೆ ಇನ್ನೊಂದು. ರೀ, ರುಚಿಯಾಗಿತ್ತು. ಮಗು ಹೋದ ವಾರದಲ್ಲೇ ನನ್ನ ನಾಲಿಗೆಗೆ ಸಿಹಿ ಸಿಹಿಯಾಗಿಯೇ ಹತ್ತಿತಲ್ಲ ಎಂದು ಬೆಚ್ಚಿಬಿದ್ದೆ. ತಲೆ ಎತ್ತಿದರೆ ಬಾಗಿಲಲ್ಲಿ ಅತ್ತೆ. ಬೈಗುಳಕ್ಕೆ ಕಾದೆ. "ನೀರು ಕುಡಿ, ಗಂಟಲಿಗೆ ಸಿಕ್ಕೀತು" ಎಂದರು, ಅಷ್ಟೆ.

ಬಿಸಿಲಲ್ಲಿ ಟೋಪಿ ಇಲ್ಲದೆ ನಿಲ್ಲಬೇಡಿ. ಅತ್ತೆ ನಿಮಗೆ ಆಶೀರ್ವಾದ ಬರೆಯಲು ಹೇಳಿದ್ದಾರೆ.

ಇಂತಿ,
ನಿಮ್ಮವಳು

ಇನ್ನೊಂದು ಮಾತು: ಮೇಲೆ "ತೆಗೆದರು" ಎಂದು ಬರೆದಿದ್ದೇನೆ. ಅತ್ತೆಯೂ ಹಾಗೇ ತಿಳಿದಿದ್ದರು. ಅದು ಸರಿಯಲ್ಲ. ಡಾಕ್ಟರಮ್ಮ "ಬೇಕೋ ಬೇಡವೋ ನೀನೇ ಹೇಳ್ಬೇಕು" ಎಂದಾಗ ಅತ್ತೆ ಹೊರಗೆ ಬೆಂಚಿನ ಮೇಲಿದ್ದರು. ಹೇಳಿದವಳು ನಾನು. ತೆಗೆಸಿದೆ. ಇದನ್ನು ಓದಿದ ಮೇಲೂ ನಾನು ನಿಮ್ಮವಳೇ ಆಗಿದ್ದರೆ ಎರಡು ಸಾಲು ಬರೆಯಿರಿ. ಇವತ್ತು ಬೆಳಿಗ್ಗೆ ಅತ್ತೆಗೂ ಹೇಳಿಬಿಟ್ಟೆ. ಒಲೆಯ ಕಡೆಗೆ ತಿರುಗಿ ಸೌದೆ ಮುಂದೆ ತಳ್ಳಿದರು. ಆಮೇಲೆ ಒಂದು ಮೊಟ್ಟೆ ಸುಲಿದು ನನ್ನ ತಟ್ಟೆಗೆ ಹಾಕಿದರು. ತಿಂದೆ.