ಆಡಿಟರ ಬಲಗೈ

ಉಡುಪಿ
೮-೧೨-೧೯೮೫

ನನ್ನ ಅಂಬಿಗೆ ಅಮ್ಮನ ಪ್ರೀತಿಯ ಆಶೀರ್ವಾದ.

ನಿನ್ನ ಕಾಗದ ಸಿಕ್ಕಿತು. ಪರೀಕ್ಷೆ ಚೆನ್ನಾಗಿ ಬರೆದಿದ್ದೀಯಂತೆ, ಸಂತೋಷ. ಆದರೆ ಸಿ.ಎ. ಪಾಸಾದ ಕೂಡಲೇ ಬೊಂಬಾಯಿ ಬಿಟ್ಟು ಬರುತ್ತೇನೆ, ಅಪ್ಪನ ಆಫೀಸು ತೆರೆಯುತ್ತೇನೆ, ಬೋರ್ಡಿನಲ್ಲಿ ಅವರ ಹೆಸರಿನ ಕೆಳಗೆ ನನ್ನ ಹೆಸರು ಬರೆಸುತ್ತೇನೆ ಎಂದಿದ್ದೀಯಲ್ಲ, ಅದನ್ನು ಓದಿದವಳೇ ಈ ಕಾಗದ ಬರೆಯಲು ಕೂತೆ. ಬರಬೇಡ ಮಗಳೇ. ಸಿಟ್ಟು ಮಾಡದೆ ಪೂರ್ತಿ ಓದು.

ಅಪ್ಪನಿಗೆ ಲಕ್ವ ಹೊಡೆದಾಗ ನೀನು ಬಂದು ನೋಡಿ ಹೋದೆ. ಹೇಗಾಯಿತು ಎಂಬುದನ್ನು ಮಾತ್ರ ನಾನು ಹೇಳಲಿಲ್ಲ, ನಿನ್ನ ಪರೀಕ್ಷೆ ಎದುರಿಗಿತ್ತು.

ದೊಡ್ಡ ವ್ಯಾಪಾರದವರೆಲ್ಲ ಲೆಕ್ಕಪತ್ರಕ್ಕೆ ಆಡಿಟರ ರುಜು ಹಾಕಿಸಲೇಬೇಕು ಎಂಬ ಹೊಸ ಕಾನೂನು ನಿನಗೆ ಗೊತ್ತೇ ಉಂಟು. ಕಾನೂನು ಮಾಡಿದವರು ಅಷ್ಟು ಆಡಿಟರುಗಳನ್ನೂ ಮಾಡಿ ಕಳಿಸಬೇಕಿತ್ತು. ದುಬೈ ಹಣ ಬಂದ ಮೇಲೆ ಕಾಪುವಿನಿಂದ ಕಾರ್ಕಳದವರೆಗೆ ಎಷ್ಟು ಅಂಗಡಿ, ಎಷ್ಟು ಕಾರ್ಖಾನೆ. ರುಜು ಹಾಕುವವರು ಬೆರಳೆಣಿಕೆಯ ಮಂದಿ. ನಮ್ಮ ಜಗಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಪ್ಪ ಊಟ ಬಿಟ್ಟರು, ನಿದ್ದೆ ಬಿಟ್ಟರು. ಕೊನೆಗೆ ಎದೆನೋವೆಂದು ಮಣಿಪಾಲದ ಆಸ್ಪತ್ರೆಗೆ ಸೇರಿಸಿದೆ. ಇನ್ನು ಪೆನ್ನು ಮುಟ್ಟಬಾರದು ಎಂದರು ಡಾಕ್ಟರು.

ಆದರೆ ರೋಗಿಯನ್ನು ನೋಡಲು ಬಂದವರನ್ನು ತಡೆಯುವುದು ಹೇಗೆ ಹೇಳು? ಎಲ್ಲರ ಕೈಯಲ್ಲೂ ಕಿತ್ತಳೆಯ ಚೀಲ. ಕಿತ್ತಳೆ ತೆಗೆದರೆ ಅಡಿಯಲ್ಲಿ ಫೈಲು. ನಾನು ಬಾಗಿಲಲ್ಲೇ ನಿಂತು ಬೈದೆ. ನಿನ್ನ ಅಪ್ಪನೇ ಒಳಗಿನಿಂದ, “ಮಂಗಳೂರಿನ ಆಡಿಟರುಗಳಿಗೂ ಪುರುಸೊತ್ತಿಲ್ಲ ನರ್ಮದಾ, ಪಾಪ, ಇವರು ಎಲ್ಲಿಗೆ ಹೋಗುವುದು?” ಎಂದು ಅವರನ್ನು ಒಳಗೆ ಕರೆದರು. ನೋಡದೆ ರುಜು ಹಾಕಿ ಅವರಿಗೆ ಅಭ್ಯಾಸವಿಲ್ಲ. ಮಲಗಿಕೊಂಡೇ ಒಂದೊಂದು ಹಾಳೆ ನೋಡುತ್ತಿದ್ದರು. ಹಾಗೆ ನೋಡುತ್ತಿರುವಾಗಲೇ ಪೆನ್ನು ಜಾರಿತು. ಮತ್ತೆ ಆ ಬಲಗೈ ಏಳಲಿಲ್ಲ, ಮಾತೂ ಹೊರಡಲಿಲ್ಲ.

ಆ ಹಾಳೆ ಕಾಪುವಿನ ಹಾರ್ಡ್‌ವೇರ್ ಅಂಗಡಿಯ ಇದಿನಬ್ಬರದ್ದು. ಕೆಟ್ಟವರಲ್ಲ. ಅಪ್ಪನನ್ನು ಮನೆಗೆ ತಂದದ್ದೂ ಅವರ ಕಾರಿನಲ್ಲೇ. ಮಂಚದ ಹತ್ತಿರ ನಿಂತು ಅತ್ತರು. ಆಮೇಲೆ ಮೆಲ್ಲಗೆ, “ನರ್ಮದಕ್ಕಾ, ಹೆಬ್ಬೆಟ್ಟು ಒತ್ತಿಸಿದರೆ ಆಗುವುದಿಲ್ವಾ? ರಿಜಿಸ್ಟ್ರಾರ್ ಆಫೀಸಿನಲ್ಲಿ ಆಗುತ್ತದಲ್ಲ,” ಎಂದು ಕೇಳಿದರು. ಜೇಬಿನಲ್ಲಿ ಇಂಕ್ ಪ್ಯಾಡು ತಂದಿದ್ದರು. ನಾನು ಬೈಯಲು ಬಾಯಿ ತೆರೆಯುವ ಮೊದಲೇ ಅಪ್ಪ ಎಡಗೈಯ ಹೆಬ್ಬೆರಳನ್ನು ಚಾಚಿದರು. ಅಷ್ಟು ಓದಿದ ಮನುಷ್ಯ, ಅಂಬಿ. ಆ ಬೆರಳನ್ನು ಸೆರಗಿನಲ್ಲಿ ಮುಚ್ಚಿ ಹಿಡಿದು ಅತ್ತೆ. ಬೇರೆ ಎಂತ ಮಾಡಲಿ?

ನೀನು ಅವರ ಮಗಳು. ಆಗುವುದಿಲ್ಲ ಎನ್ನಲು ನಿನಗೂ ಬರುವುದಿಲ್ಲ. ಇಲ್ಲಿಯವರು ನಿನ್ನನ್ನು ಪ್ರೀತಿಯಿಂದಲೇ ಮುಗಿಸಿಬಿಡುತ್ತಾರೆ. ಬೊಂಬಾಯಿಯಲ್ಲೇ ಯಾವುದಾದರೂ ಕಂಪೆನಿಯ ಕೆಲಸ ಹಿಡಿ, ಸಂಜೆಯಾದರೆ ಮನೆಗೆ ಹೋಗು. ನಮ್ಮ ಖರ್ಚಿನ ಚಿಂತೆ ಬೇಡ.

ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಮ್ಮ,
ನರ್ಮದಾ

ತಾ.ಕ.: ಮೊನ್ನೆ ಇದಿನಬ್ಬರು ಬಂದು, ಮಗಳು ಯಾವಾಗ ಬರುತ್ತಾಳೆ ಎಂದು ಕೇಳಿದರು. ನೀನು ಪರೀಕ್ಷೆಗೆ ಕೂರದೆ ಓದು ಬಿಟ್ಟೆ ಎಂದು ಸುಳ್ಳು ಹೇಳಿಬಿಟ್ಟೆ. ಪಾಸಾದರೆ ಕಾರ್ಡಿನಲ್ಲಿ ಬರೆಯಬೇಡ, ಪೋಸ್ಟ್‌ಮ್ಯಾನ್ ವಾಸು ಓದಿಯೇ ಕೊಡುವುದು. ಇನ್‌ಲ್ಯಾಂಡಿನಲ್ಲಿ ಬರೆದು ಅಂಟಿಸು. ಅಪ್ಪನಿಗೂ ಓದು ಬಿಟ್ಟೆ ಎಂದೇ ಹೇಳಿದ್ದೇನೆ, ಇಲ್ಲದಿದ್ದರೆ ಬಂದವರಿಗೆಲ್ಲ ಎಡಗೈಯಲ್ಲೇ ಸನ್ನೆ ಮಾಡಿ ತಿಳಿಸಿಬಿಡುತ್ತಾರೆ. ಮನೆಗೆ ಬಂದಾಗ ನೀನೂ ಹಾಗೆಯೇ ಹೇಳು.