ಮಾವನವರ ಎಡಗೈಯ ಉಂಗುರ

ನಾಗಮಂಗಲ
೧೭ ನವೆಂಬರ್ ೨೦೨೫

ಪ್ರೀತಿಯ ಅತ್ತೆಮ್ಮನಿಗೆ ನಿಮ್ಮ ಸೊಸೆ ಅನು ಮಾಡುವ ನಮಸ್ಕಾರ.

ನಿಮ್ಮ ಮಂಡಿನೋವು ಹೇಗಿದೆ? ನಿಮ್ಮ ಅಕ್ಕ ಮಂಗಳಮ್ಮನವರ ಕಾಲಿನ ಕಟ್ಟು ಬಿಚ್ಚಿದರೇ? ಸಿಂಧಘಟ್ಟದಲ್ಲಿ ಅವರ ಆರೈಕೆ ಮಾಡುತ್ತಾ ನಿಮ್ಮ ಊಟ ಮರೆಯಬೇಡಿ. ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮ ಮಗ ಸಂತೋಷ್ ಬೆಳ್ಳೂರು ಕ್ರಾಸಿನ ಹೋಟೆಲ್ ಕೆಲಸ ಮುಗಿಸಿ ಹೊತ್ತಿಗೆ ಸರಿಯಾಗಿ ಬರುತ್ತಿದ್ದಾರೆ. ಕೆಂದಿ ಹಸು ಮಾತ್ರ ನೀವಿಲ್ಲದೆ ಹಾಲು ಇಳಿಸುವುದಿಲ್ಲವೆಂದು ಹಟ ಹಿಡಿದಿತ್ತು. ನಿಮ್ಮ ಹಸಿರು ಸೀರೆ ಉಟ್ಟು ಹೋಗಿ ಕೂತೆ, ಕೊಟ್ಟಿತು. ಸೀರೆಗೆ ಸಗಣಿ ಆಗಿದೆ, ಬೈಯಬೇಡಿ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಫೋನ್ ಹಿಡಿದರೆ ಮಾವ ಪಕ್ಕದಲ್ಲೇ ಬಂದು ಕೂರುತ್ತಾರೆ, ಇದು ಅವರ ಎದುರು ಹೇಳುವ ಮಾತಲ್ಲ. ನನ್ನ ಉಂಗುರದ ಕೆಲಸ ಅವರಿಗೆ ಅಷ್ಟಾಗಿ ಹಿಡಿಸಿರಲಿಲ್ಲ ಎಂಬುದು ನಿಮಗೆ ಗೊತ್ತು. ಬೆಳ್ಳಿ ಕಾಯಿಸಿ, ಬಗ್ಗಿಸಿ, ಹರಳು ಕೂರಿಸುವುದನ್ನು ಬಾಗಿಲಲ್ಲಿ ನಿಂತು ನೋಡಿ, "ನಮ್ಮನೇಲಿ ಯಾರೂ ಮಾಡ್ದಿದ್ದ ಕೆಲ್ಸ ಕಣವ್ವ, ಕೈ ಸುಟ್ಕಂಡೀಯ" ಎಂದು ಹೋಗಿಬಿಡುತ್ತಿದ್ದರು. ಹೋದ ವಾರ ಮೈಸೂರಿನ ಒಬ್ಬ ಹೆಂಗಸು ತಮ್ಮ ತಂದೆಗೆಂದು ಕಂದು ಹರಳಿನ ಉಂಗುರ ಕೇಳಿದ್ದರು. ಮಾಡಿ ಮುಗಿಸಿ ಫೋಟೊ ಕಳಿಸಿದೆ. ಅವರು, ಬರೀ ಉಂಗುರ ನೋಡಿದರೆ ಅಂದಾಜಾಗುವುದಿಲ್ಲ, ಗಂಡಸರ ಕೈಯಲ್ಲಿ ತೊಡಿಸಿ ತೋರಿಸಿ ಎಂದರು. ಸಂತೋಷ್ ಮನೆಯಲ್ಲಿರಲಿಲ್ಲ. ಹಾಲು ಹಾಕಿ ಬಂದ ಮಾವನವರನ್ನೇ ಅಳುಕುತ್ತ ಕೇಳಿದೆ.

ಅವರು ಬಲಗೈ ಚಾಚಿದರು. ಗೆಣ್ಣು ಊದಿಕೊಂಡು ಉಂಗುರ ಒಳಗೇ ಹೋಗಲಿಲ್ಲ. ಎಡಗೈ ಎಂದೆ. ಟವೆಲ್ಲಿನ ಕೆಳಗಿದ್ದ ಆ ಕೈಯನ್ನು ಅವರು ಇನ್ನಷ್ಟು ಒಳಗೆ ಎಳೆದುಕೊಂಡರು. ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಕಿರುಬೆರಳು ತುಂಡಾದಾಗಿನಿಂದ ಅವರು ಅದನ್ನು ಯಾರಿಗೂ ತೋರಿಸಿದವರಲ್ಲ. ನಮ್ಮ ಮದುವೆಯ ಒಂದು ಫೋಟೊದಲ್ಲೂ ಆ ಕೈ ಇಲ್ಲ. "ಬುಡವ್ವ, ದುಡ್ ಕೊಟ್ಟು ತಕ್ಕಳೋರು ಇದ್ನ ನೋಡಿ ಏನಂದ್ಕಂಡಾರು" ಎಂದರು. ನನಗೂ ಒತ್ತಾಯ ಮಾಡಲು ಮನಸ್ಸಾಗಲಿಲ್ಲ, ಒಳಗೆ ಬಂದುಬಿಟ್ಟೆ. ಸ್ವಲ್ಪ ಹೊತ್ತಿಗೆ ಬಚ್ಚಲಲ್ಲಿ ನೀರಿನ ಸದ್ದು. ಸೋಪು ಹಾಕಿ ಉಗುರಿನ ಸಂದಿಯೆಲ್ಲ ಉಜ್ಜಿಕೊಂಡು ಬಂದು, ಕಿಟಕಿಯ ಹತ್ತಿರ ಕೂತು ಎಡಗೈ ನನ್ನ ಮುಂದಿಟ್ಟರು.

ಬಿಸಿಲು ನೇರ ಬಿದ್ದರೆ ಹರಳಿನಲ್ಲಿ ನನ್ನ ಮುಖವೇ ಮೂಡುತ್ತದೆ. ಅದಕ್ಕೆ ಕಿಟಕಿಗೆ ಅವರದೇ ಬಿಳಿ ಪಂಚೆ ಕಟ್ಟಿ ಬೆಳಕನ್ನು ತಿಳಿ ಮಾಡಿಕೊಂಡೆ. ಅವರ ಕೈ ಹಿಡಿದು ಉಂಗುರ ತೊಡಿಸಿದೆ ಅತ್ತೆಮ್ಮ. ಮೊದಲು ಮೊಂಡು ಕಿರುಬೆರಳು ಮರೆಯಾಗುವಂತೆ ಮಡಿಸಿ ಒಂದು ಫೋಟೊ ತೆಗೆದೆ. ಕೈ ಹಾಗೇ ಸಡಿಲವಾದಾಗ ಇನ್ನೊಂದು. ಎರಡನ್ನೂ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, "ಮಡ್ಚಿರೋದು ಕಳ್ಳನ್ ಕೈ ಇದ್ದಂಗದೆ. ಇದ್ನೇ ಕಳ್ಸು" ಎಂದು ಎರಡನೆಯದರ ಮೇಲೆ ಬೆರಳಿಟ್ಟರು.

ಕಳಿಸಿದ ಮೇಲೆ ಅಂದೆಲ್ಲ ನಮ್ಮಿಬ್ಬರಿಗೂ ಸಮಾಧಾನವಿಲ್ಲ. ಸಂಜೆ ಉತ್ತರ ಬಂತು: ಉಂಗುರ ಚೆನ್ನಾಗಿದೆ, ಹರಳು ಇನ್ನೂ ಸ್ವಲ್ಪ ಕಪ್ಪಗಿನದು ಸಿಗುತ್ತದೆಯೇ ಎಂದು. ಬೆರಳಿನ ಮಾತೇ ಇಲ್ಲ. ಓದಿ ಹೇಳಿದರೆ ಮಾವ ನಂಬಲಿಲ್ಲ. "ಇನ್ನೊಂದ್ಸಲ ಓದು" ಎಂದರು. ಓದಿದೆ. ಕೆಮ್ಮು ಬರುವವರೆಗೂ ನಕ್ಕರು. "ಇಷ್ಟ್ ವರ್ಸ ಸುಮ್ಕೆ ಸೆಕೇಲಿ ಟವಲ್ ಹೊದ್ಕಂಡು ಸತ್ನಲ್ಲ" ಎಂದು ಎದ್ದು ಹೋದರು. ನಿನ್ನೆ ಹಾಲಿನ ಡೈರಿಗೆ ಎರಡೂ ಕೈಯಲ್ಲಿ ಕ್ಯಾನು ಹಿಡಿದು ನಡೆದರು. ನಾನು ಬಾಗಿಲಲ್ಲಿ ನಿಂತು, ತಿರುವು ದಾಟುವವರೆಗೂ ನೋಡಿದೆ.

ಮಂಗಳಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ. ಅವರು ಎದ್ದು ಓಡಾಡುವಂತಾದರೆ ಬೇಗ ಬನ್ನಿ.

ನಿಮ್ಮ ಮಗಳಂಥ
ಅನು

ಮರೆತೆ: ಇವತ್ತು ಬೆಳಿಗ್ಗೆ ಮಾವ ನನ್ನ ಹರಳಿನ ಡಬ್ಬಿ ಕೆದಕಿ, ಒಂದು ಕೆಂಪು ಹರಳು ಆರಿಸಿ, ಗೋಡೆ ನೋಡುತ್ತಾ "ನಿಮ್ಮತ್ತೆ ಬೆಳ್ಳು ಎಷ್ಟ್ ದಪ್ಪ ಇದ್ದದವ್ವ?" ಎಂದು ಕೇಳಿದರು. ಬೆರಳಿಗೆ ದಾರ ಸುತ್ತಿ, ಅಳತೆಗೆ ಗಂಟು ಹಾಕಿ ಈ ಕಾಗದ ತಂದ ನಿಂಗರಾಜು ಕೈಲೇ ಕಳಿಸಿ. ನಾನು ಹೇಳಿದೆನೆಂದು ಮಾವನವರಿಗೆ ಹೇಳಬೇಡಿ.