ಸಿಪ್ಪೆ ಸುಲಿಯದ ಮೊಟ್ಟೆಯ ವಿಷಯವಾಗಿ

ಧಾರವಾಡ
ಫೆಬ್ರವರಿ ಮೂವತ್ತು, 2417

ಭೌತಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿನಿ ನಾಗವೇಣಿ ಕಮ್ಮಾರಳಿಗೆ,

ಫೆಬ್ರವರಿಗೆ ಮೂವತ್ತನೇ ತಾರೀಖು ಎಲ್ಲಿಂದ ಬಂತು ಎಂದು ಹುಬ್ಬೇರಿಸಬೇಡ. ಕ್ಯಾಲೆಂಡರನ್ನು ನಾವು ರಿಪೇರಿ ಮಾಡಿದ್ದೇವೆ. ನಿನ್ನ ಕಾಲದ ಕನ್ನಡವನ್ನು ಹಳೆಯ ಕಡತಗಳಿಂದ ಕಲಿತವಳು ನಾನು. ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊ. ನಿನ್ನನ್ನು ಏನೆಂದು ಕರೆಯಬೇಕೋ ಅದೂ ಗೊಂದಲವೇ. ಹುಟ್ಟಿದ ವರ್ಷ ನೋಡಿದರೆ ನೀನು ನನ್ನ ಮುತ್ತಜ್ಜಿಯ ಮುತ್ತಜ್ಜಿಗೂ ಹಿರಿಯಳು. ಆದರೆ ನೀನಿನ್ನೂ ಕಾಲೇಜು ಹುಡುಗಿ, ನನಗೋ ಮೊಣಕಾಲು ಹಿಡಿದಿದೆ. ಹಾಗಾಗಿ ತಂಗಿ ಎನ್ನುತ್ತೇನೆ, ಸಹಿಸಿಕೊ.

ನನ್ನ ಹೆಸರು ದ್ರಾಕ್ಷಾಯಣಿ ಬೆಳವಡಿ. ಇಲ್ಲಿನ ವಿಶ್ವವಿದ್ಯಾಲಯದ ಕೈಯಾಟ ಸಂಘದ ಹಿರಿತಲೆ. ವಿದ್ಯಾರ್ಥಿಗಳು ಬಿಡುವಿನಲ್ಲಿ ಶಾಲೆಯಿಂದ ಶಾಲೆಗೆ ಹೋಗಿ, ಬಿಟ್ಟಿಯಾಗಿ, ಮಕ್ಕಳ ಕಣ್ಣೆದುರೇ ಭೌತಶಾಸ್ತ್ರದ ಪ್ರಯೋಗ ಮಾಡಿ ತೋರಿಸುತ್ತಾರೆ. ನೀವು ಮಾಡುತ್ತಿದ್ದುದೇ. ನಮ್ಮ ಕಾಲದಲ್ಲಿ ಇದು ಹುಚ್ಚರ ಕೆಲಸ, ಏಕೆಂದರೆ ಈಗ ಎಲ್ಲರ ಕಣ್ಣಿಗೂ ಪೊರೆ ಇದೆ. ನಿಮ್ಮಲ್ಲಿ ಪೊರೆ ಬಂದರೆ ಡಾಕ್ಟರಿಂದ ತೆಗೆಸುತ್ತಿದ್ದರಂತೆ. ನಾವು ಸರದಿಯಲ್ಲಿ ನಿಂತು ಹಾಕಿಸಿಕೊಳ್ಳುತ್ತೇವೆ. ಕಣ್ಣೊಳಗೇ ಚಿತ್ರ ಮೂಡಿಸುವ, ಬೇಕೆಂದಾಗ ಕಿತ್ತಿಡಬಹುದಾದ ತೆಳ್ಳನೆಯ ಹಾಳೆ ಅದು. ಬೆಳಗಿನ ಉಪ್ಪಿಟ್ಟನ್ನು ಜಿಲೇಬಿ ಎಂದು ತೋರಿಸುತ್ತದೆ, ನಾಲಿಗೆ ಮಾತ್ರ ನಂಬುವುದಿಲ್ಲ. ಪೊರೆಯೊಳಗಿನ ಪ್ರಯೋಗಗಳು ಎಂದೂ ಕೈಕೊಡುವುದಿಲ್ಲ. ಬೆಂಕಿ ಹತ್ತುತ್ತದೆ, ಗುಂಡು ಉರುಳುತ್ತದೆ, ಮಕ್ಕಳು ಆಕಳಿಸುತ್ತಾರೆ.

ನಿಮ್ಮ ಕಾಲದ ಪ್ರದರ್ಶನಗಳ ಒಂದೇ ಒಂದು ವಿಡಿಯೋ ಉಳಿದಿದೆ, ಅದು ನಿನ್ನದು. ನಮ್ಮ ಸಂಘ ಎಲ್ಲವನ್ನೂ ಕಲಿತದ್ದು ಅದರಿಂದಲೇ. ನಿನ್ನ ಗೆಳೆಯ ಇರ್ಫಾನ್ ಮುಲ್ಲಾ ಮೈಕು ತಟ್ಟಿ, “ಹಲೋ, ಹಲೋ, ಹಿಂದ ಕುಂತವ್ರಿಗೆ ಕೇಳಸ್ತೈತೇನ್ರಿ?” ಎನ್ನುತ್ತಾನಲ್ಲ, ಮೈಕೇ ಇಲ್ಲದ ನಾವು ಗಾಳಿಯನ್ನು ತಟ್ಟಿ ಅದನ್ನೇ ಹೇಳುತ್ತೇವೆ. ನೀನು ವೇಲನ್ನು ಸೊಂಟಕ್ಕೆ ಬಿಗಿದೆಯೆಂದು ನಮ್ಮ ಗಂಡುಹುಡುಗರೂ ಬಿಗಿಯುತ್ತಾರೆ. ಆಮೇಲೆ ನೀನು ಬಾಟಲಿಯೊಳಗೆ ಉರಿಯುವ ಕಾಗದ ಹಾಕಿ, ಅದರ ಬಾಯಿಗೆ ಬೇಯಿಸಿದ ಮೊಟ್ಟೆ ಇಡುತ್ತೀ. ಒಳಗಿನ ಬಿಸಿ ಗಾಳಿ ತಣ್ಣಗಾದಂತೆ ಹೊರಗಿನ ಗಾಳಿ ಮೊಟ್ಟೆಯನ್ನು ಒಳಕ್ಕೆ ನೂಕಬೇಕು. ಆದರೆ ಗಡಿಬಿಡಿಯಲ್ಲಿ ನೀನು ಸಿಪ್ಪೆ ಸುಲಿಯುವುದನ್ನೇ ಮರೆತಿದ್ದೀ! ಮೊಟ್ಟೆ ಜಪ್ಪಯ್ಯ ಎಂದರೂ ಜಗ್ಗುವುದಿಲ್ಲ. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ನೀನು ಮುಖ ಕೆಂಪಾಗಿಸಿಕೊಂಡು, ಸಿಪ್ಪೆ ಸುಲಿದು ಮತ್ತೆ ಮಾಡುತ್ತೀ. ಮೊಟ್ಟೆ ಗುಳುಕ್ಕನೆ ಒಳಗೆ. ನಾವೂ ತಲೆತಲಾಂತರದಿಂದ ಮೊದಲು ಸಿಪ್ಪೆ ಸಮೇತ ಇಟ್ಟು, ಶ್ರದ್ಧೆಯಿಂದ ಸೋತು, ಆಮೇಲೆ ಸುಲಿಯುತ್ತೇವೆ.

ಮೊನ್ನೆ ಒಪ್ಪಸಭೆಯಿಂದ ಗುರುಪಾದಪ್ಪ ಎಂಬ ಅಧಿಕಾರಿ ಬಂದರು. ಎಲ್ಲಿಯೂ ಏನೂ ತಪ್ಪದಂತೆ ನೋಡಿಕೊಳ್ಳುವ ಸರ್ಕಾರಿ ಮಂಡಳಿಗೆ ನಾವು ಒಪ್ಪಸಭೆ ಎನ್ನುತ್ತೇವೆ. ಮಕ್ಕಳ ಮುಂದೆ ಸೋಲುವುದು ಅಶಿಸ್ತು. ಸುಲಿದ ಮೊಟ್ಟೆಯಿಂದಲೇ ಶುರುಮಾಡಿ, ಇಲ್ಲವೇ ಸಂಘಕ್ಕೆ ಬೀಗ ಜಡಿಯಿರಿ ಎಂದರು. ನಮ್ಮ ವಿದ್ಯಾರ್ಥಿಗಳು ಹೆದರಿ ಒಪ್ಪಿದರು. ಆ ಅಧಿಕಾರಿಯ ಎದುರೇ, ಶಾಲೆಯೊಂದರಲ್ಲಿ, ಸುಲಿದ ಮೊಟ್ಟೆ ಇಟ್ಟರು. ಗುಳುಕ್. ಮಕ್ಕಳು ಮಿಸುಕಲಿಲ್ಲ. ಒಬ್ಬ ಹುಡುಗಿಯಂತೂ, “ಇದನ್ನ ಪೊರ್ಯಾಗ ನೋಡೇವಿ ಬಿಡ್ರಿ” ಎಂದು ಎದ್ದೇ ಹೊರಟಳು. ನನಗೆ ಮೈಯೆಲ್ಲ ಉರಿದುಹೋಯಿತು. ಬೀಗ ಜಡಿದರೆ ಜಡಿಯಲಿ ಎಂದು ನಾನೇ ಮೇಜಿನ ಬಳಿ ಹೋಗಿ, ಸಿಪ್ಪೆ ಇದ್ದ ಮೊಟ್ಟೆಯನ್ನು ಇನ್ನೊಂದು ಬಾಟಲಿಯ ಮೇಲಿಟ್ಟೆ. ಕಾಗದ ಉರಿದು ಆರಿತು. ಮೊಟ್ಟೆ ಕದಲಲಿಲ್ಲ.

ಹೊರಟವಳು ಬಾಗಿಲಲ್ಲೇ ತಿರುಗಿದಳು. “ಯಾಕ ಒಳಗ ಹೋಗವಲ್ದು?” ಕಾಗದ ಸಾಲಲಿಲ್ಲ ಎಂದ ಒಬ್ಬ. ಮೊಟ್ಟೆಗೆ ಸೊಕ್ಕು ಬಂದಿದೆ ಎಂದ ಇನ್ನೊಬ್ಬ. ಕಣ್ಣಿನ ಪೊರೆ ಕಿತ್ತು ಜೇಬಿಗೆ ಹಾಕಿ ಎಲ್ಲರೂ ಮೇಜಿಗೆ ಮುತ್ತಿದರು. ಆ ಗದ್ದಲದಲ್ಲಿ ಕುರ್ಚಿ ಹತ್ತಿ ನಿಂತು, “ಏ, ಮದ್ಲ ಸಿಪ್ಪಿ ಸುಲೀರೋ!” ಎಂದು ಗಂಟಲು ಹರಿಯುವಂತೆ ಕೂಗಿದವರು ಯಾರು ಅಂತೀ? ಸಾಕ್ಷಾತ್ ಗುರುಪಾದಪ್ಪನವರು! ಕೊನೆಗೆ ಅವರೇ ಇಳಿದು ಬಂದು ಸುಲಿದರು. ಬೀಗದ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಈಗ ಈ ಓಲೆಯ ಕಾರಣ. ನಿನ್ನ ವಿಡಿಯೋದ ಕೊನೆಗೆ ಇರ್ಫಾನ್ ಕೇಳುತ್ತಾನೆ, “ಮೊದಲನೇದು ಕಟ್ ಮಾಡ್ಲೇನು?” ನೀನು ಅಳು ನುಂಗಿಕೊಂಡು, “ಹೂಂ, ಇವತ್ತ ಸಂಜೀಕ ಕಟ್ ಮಾಡು. ಮರ್ಯಾದಿ ಎಲ್ಲಾ ಹೋತು” ಎನ್ನುತ್ತೀ. ಅಲ್ಲಿಗೆ ಮುಗಿಯುತ್ತದೆ. ಆದರೆ ನೀನು ಸೋತ ಆ ಭಾಗ ನಮಗೆ ಇಡಿಯಾಗಿ ಸಿಕ್ಕಿದೆ! ಅಂದರೆ ಅಂದು ಸಂಜೆಯೊಳಗೆ ನಿಮ್ಮನ್ನು ಯಾರೋ ತಡೆದಿರಬೇಕು. ಯಾರೆಂದು ನಮ್ಮ ಪಂಡಿತರು ತಲೆ ಕೆರೆದುಕೊಂಡರು. ಬೇರೆ ಯಾರೂ ಕಾಣದ್ದರಿಂದ ಅದು ನಾನೇ ಇರಬೇಕೆಂದು, ಹಿಂದಿನ ಕಾಲಕ್ಕೆ ಓಲೆ ಒಯ್ಯುವ ಯಂತ್ರದವರ ಕೈಕಾಲು ಹಿಡಿದು ಬರೆಯುತ್ತಿದ್ದೇನೆ.

ಕಟ್ ಮಾಡಿಸಬೇಡ, ತಂಗಿ. ಅಳು ಬಂದರೆ ಅತ್ತುಬಿಡು, ಉಳಿದ ಮೊಟ್ಟೆಗೆ ಉಪ್ಪು ಖಾರ ಹಚ್ಚಿ ಇಬ್ಬರೂ ತಿನ್ನಿ, ನಾಳೆ ಇನ್ನೊಂದು ಶಾಲೆಗೆ ಹೋಗಿ. ಆ ಮಕ್ಕಳು ನಿನ್ನನ್ನು ನೋಡಿ ನಕ್ಕದ್ದು ನಿಜ. ಆದರೆ ಎದ್ದು ಹೋದವರು ಒಬ್ಬರೂ ಇಲ್ಲ, ವಿಡಿಯೋ ಮತ್ತೆ ನೋಡು.

ಇರ್ಫಾನನಿಗೂ ಒಂದು ಮಾತು ತಲುಪಿಸು. ನಾವು ಎಲ್ಲರಿಗಿಂತ ಹಿಂದಿನ ಸಾಲಿನಲ್ಲಿ ಕುಳಿತಿದ್ದೇವೆ. ನಮಗೆ ಚೆನ್ನಾಗಿ ಕೇಳಿಸುತ್ತಿದೆ.

ದ್ರಾಕ್ಷಾಯಣಿ